ಎರಡನೇ ಸಲ ಕೇಳದವಳು

ಶಾಮ್ಯನ್ ದ್ವೀಪಕ್ಕೆ ಬರುವ ಪರದೇಶದವರಿಗೆ ಬುದ್ಧಿ ಹೇಳು ಎಂದು ಕ್ವಾನ್ ಯೂಕ್‌ಲಾನ್‌ಳನ್ನು ಯಾರೂ ನೇಮಿಸಿರಲಿಲ್ಲ. ಅವಳಿಗೆ ಸಂಬಳ ಬರುತ್ತಿದ್ದದ್ದು ಸೇತೋ ಅಕ್ಕನ ಲಾಂಡ್ರಿಯಲ್ಲಿ ಬಟ್ಟೆ ಒಗೆದು, ಒಣಗಿಸಿ, ಮಡಿಸಿ ಕೊಡುವುದಕ್ಕೆ. ಬುದ್ಧಿಮಾತು ಪುಕ್ಕಟೆ. ನಲ್ಲಿ ನೀರು ಬಾಯಿಗೆ ಹಾಕಬೇಡಿ, ಬಿಸಿನೀರು ಕೇಳಿ, ನಾಚಿಕೊಳ್ಳಬೇಡಿ, ಇಲ್ಲಿ ಎಲ್ಲರೂ ಬೇಸಿಗೆಯಲ್ಲೂ ಬಿಸಿನೀರೇ ಕುಡಿಯುವುದು ಎನ್ನುವಳು. ಹೋಟೆಲಿನ ಹೆಸರನ್ನು ಇಲ್ಲಿನ ಲಿಪಿಯಲ್ಲಿ ಬರೆದ ಚೀಟಿ ಜೇಬಿನಲ್ಲಿಲ್ಲದೆ ಸೇತುವೆ ದಾಟಬೇಡಿ, ಟ್ಯಾಕ್ಸಿಯವನಿಗೆ ನಿಮ್ಮ ಇಂಗ್ಲಿಷ್ ತಲೆಗೆ ಹೋಗುವುದಿಲ್ಲ, ಸುಮ್ಮನೆ ತಲೆಯಾಡಿಸಿ ಎಲ್ಲಿಗೋ ಒಯ್ದುಬಿಡುತ್ತಾನೆ ಎನ್ನುವಳು. ಯಾರಾದರೂ ಚಹಾ ಬಗ್ಗಿಸಿದರೆ ಧನ್ಯವಾದಕ್ಕೆ ಎರಡು ಬೆರಳಿನಿಂದ ಮೇಜು ತಟ್ಟುವುದನ್ನು ತಾನೇ ತಟ್ಟಿ ತೋರಿಸುವಳು. ಬೀದಿಯ ಶೌಚಾಲಯದಲ್ಲಿ ಕಾಗದ ಇರುವುದಿಲ್ಲ ಎಂದು ಗಂಡಸರಿಗೂ ಮುಲಾಜಿಲ್ಲದೆ ಹೇಳಿ ಒಂದು ಕಟ್ಟು ಕೈಗೆ ತುರುಕುವಳು.

ಆ ಕಾಲಕ್ಕೆ ಚೀನಾದ ಗ್ವಾಂಗ್‌ಝೌ ನಗರದ ಈ ಮೂಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅಮೆರಿಕದ ಗಂಡ ಹೆಂಡತಿಯರು, ತೋಳಿನಲ್ಲಿ ಈ ದೇಶದ ಒಂದೊಂದು ಹೆಣ್ಣುಕೂಸು. ಯಾವ ಊರಿನ ಅನಾಥಾಲಯದಿಂದ ದತ್ತು ತೆಗೆದುಕೊಂಡಿದ್ದರೂ ಕೂಸಿನ ವೀಸಾಕ್ಕೆ ಅವರು ಈ ದ್ವೀಪದ ಕಚೇರಿಗೇ ಬರಬೇಕಿತ್ತು. ಅವರನ್ನು ನಂಬಿಕೊಂಡು ಬೀದಿಯುದ್ದಕ್ಕೂ ಅಂಗಡಿಗಳಿದ್ದವು. ಸೇತೋ ಅಕ್ಕ ಬಟ್ಟೆ ಒಗೆಯಲು ಕೊಟ್ಟವರಿಗೆ ಕೂಸಿನ ತಳ್ಳುಗಾಡಿಯನ್ನು ಬಿಟ್ಟಿಯಾಗಿ ಕೊಡುತ್ತಿದ್ದಳು. ಯೂಕ್‌ಲಾನ್ ಗಾಡಿಯ ಜೊತೆಗೆ ಎರಡು ಮಾತು ಸೇರಿಸುತ್ತಿದ್ದಳು. ಕೂಸಿಗೆ ತಣ್ಣನೆಯ ಹಾಲು ಕೊಡಬೇಡಿ, ಗಂಜಿ ತಿಳಿಯಾಗಿರಲಿ, ಕಾಲುಚೀಲ ಇಲ್ಲದೆ ಹೊರಗೆ ತರಬೇಡಿ, ಬೀದಿಯ ಅಜ್ಜಿಯರು ಅಟ್ಟಿಸಿಕೊಂಡು ಬಂದು ಬೈಯುತ್ತಾರೆ. ಬೈಯುತ್ತಿದ್ದದ್ದೂ ನಿಜ. ಆ ಅಜ್ಜಿಯರಲ್ಲಿ ಯಾರ್ಯಾರು ತಮ್ಮ ತಮ್ಮ ಮನೆಯ ಕೂಸುಗಳನ್ನು ಯಾವ ಯಾವ ಬಸ್ ನಿಲ್ದಾಣದಲ್ಲಿ ಮಲಗಿಸಿ ಬಂದಿದ್ದರೋ, ಇಲ್ಲಿ ಮಾತ್ರ ಕೂಸಿನ ಕಾಲಿಗೆ ಶೀತವಾದೀತು ಎಂದು ಎದೆ ಬಡಿದುಕೊಳ್ಳುತ್ತಿದ್ದರು.

ಯೂಕ್‌ಲಾನ್‌ಳ ಕೂಸನ್ನು ಒಯ್ದವಳೂ ಅಂಥದೇ ಒಬ್ಬ ಅಜ್ಜಿ, ಅವಳ ಅತ್ತೆ. ಚಿಂಗ್‌ಯುಆನ್ ಕಡೆಯ ಗುಡ್ಡದ ಹಳ್ಳಿ. ಮೊದಲನೆಯದು ಹೆಣ್ಣು. ಎರಡಕ್ಕಿಂತ ಹೆಚ್ಚು ಹೆರುವಂತಿಲ್ಲ ಎಂಬ ಕಾಲ ಅದು, ಎರಡನೆಯದೂ ಹೆಣ್ಣಾಗಿಬಿಟ್ಟಿತು. ಮೈ ಬಿಸಿ ಆರದ ಬಾಣಂತಿಗೆ ಒಂದು ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯ ಮಗ್ಗುಲು ಬರಿದಾಗಿತ್ತು. ಅತ್ತೆ ಒಲೆಯ ಮುಂದೆ ಕೂತು ಶುಂಠಿ ಹಾಕಿದ ಸಾರು ಕಾಯಿಸುತ್ತಿದ್ದಳು. ಕುಡಿ ಎಂದಳು. ಯೂಕ್‌ಲಾನ್ ಕುಡಿದಳು. ಕೂಸೆಲ್ಲಿ ಎಂದು ಅವಳು ಕೇಳಲಿಲ್ಲ, ಗಂಡ ವಿಂಗ್‌ಫಾಯ್ ಹೇಳಲಿಲ್ಲ, ಎದೆಯ ಹಾಲು ಮಾತ್ರ ಎಷ್ಟೋ ದಿನ ರವಿಕೆ ತೋಯಿಸಿತು. ಆಮೇಲೆ ಗಂಡುಮಗು ಆಯಿತು, ಪಟಾಕಿ ಹಾರಿತು, ಊರು ಊಟ ಮಾಡಿತು.

ಬಹಳ ಕಾಲದ ಮೇಲೆ ದಾಯಾದಿ ಮನೆಯ ಹೆಂಗಸೊಬ್ಬಳು ಅಕ್ಕಿ ಕೇರುತ್ತಾ ಕೂತಿದ್ದಾಗ ಬಾಯಿ ಬಿಟ್ಟಳು. ಪೇಟೆಯ ಬಸ್ ನಿಲ್ದಾಣದಲ್ಲಿ ಇಟ್ಟಿದ್ದಂತೆ. ಪೋಲೀಸರು ಎತ್ತಿಕೊಂಡು ಹೋದರಂತೆ. ಅಂಥ ಕೂಸುಗಳು ಬಿಳಿಯರ ಪಾಲಾಗುತ್ತವಂತೆ, ಎಲ್ಲವೂ ಗ್ವಾಂಗ್‌ಝೌ ಮೇಲೆಯೇ ಹಾದುಹೋಗುತ್ತವಂತೆ. ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ನಗರದಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿ ಅವಳು ಹೊರಟು ಬಂದಳು. ಬಂದ ಮೇಲೆ ಕೆಲಸ ಹುಡುಕಿದಳು. ಗಂಡ ಹಿಂದಿನಿಂದ ಬಂದು ಒಂದು ಗೋದಾಮಿನಲ್ಲಿ ಕಾವಲುಗಾರನಾದ. ಅವಳು ಬೇರೆಲ್ಲೂ ಅಲ್ಲದೆ ಇದೇ ದ್ವೀಪದಲ್ಲಿ ಯಾಕೆ ಕೆಲಸಕ್ಕೆ ನಿಂತಳು ಎಂದು ಅವನು ಒಂದು ದಿನವೂ ಕೇಳಲಿಲ್ಲ. ಗೊತ್ತಿದ್ದದ್ದರಿಂದಲೇ ಕೇಳಲಿಲ್ಲ ಎಂದು ನನಗನ್ನಿಸುತ್ತದೆ.

ತಳ್ಳುಗಾಡಿಯಲ್ಲಿ ಕೂತ ಪ್ರತಿ ಕೂಸಿನ ಮುಖವನ್ನೂ ಅವಳು ನೋಡುತ್ತಿದ್ದಳು. ನೋಡಿ ಏನು ಬಂತು? ಸಿನಿಮಾದ ಕೂಸುಗಳಿಗಿರುವಂತೆ ಮಚ್ಚೆಗಿಚ್ಚೆ ಏನೂ ಇರಲಿಲ್ಲ. ಹುಟ್ಟಿದ ಕೂಸು ಕೆಂಪಗೆ, ಸುಕ್ಕುಸುಕ್ಕಾಗಿ, ಎಲ್ಲ ಕೂಸಿನ ಹಾಗೆಯೇ ಇತ್ತು. ಅದರ ವಯಸ್ಸಿನ ಮಕ್ಕಳು ಬರುವುದು ನಿಂತು, ಅದಕ್ಕಿಂತ ಎಷ್ಟೋ ಚಿಕ್ಕವು ಬರತೊಡಗಿದರೂ ಅವಳು ಕೆಲಸ ಬಿಡಲಿಲ್ಲ. ಆಮೇಲೆ ವೀಸಾ ಕಚೇರಿ ಹೊಸ ಬಡಾವಣೆಗೆ ಹೋಯಿತು. ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು. ಆಲದ ಮರಗಳ ಕೆಳಗೆ ಈಗ ಮದುಮಕ್ಕಳು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಕೊನೆಗೆ ಸರ್ಕಾರವೇ ಪರದೇಶಕ್ಕೆ ಕೂಸು ಕೊಡುವುದನ್ನು ನಿಲ್ಲಿಸಿತು. ಬರುವ ಬೆರಳೆಣಿಕೆಯ ಪರದೇಶದವರಿಗೆ ನಲ್ಲಿ ನೀರಿನ ವಿಷಯವನ್ನೂ ಟ್ಯಾಕ್ಸಿಯ ವಿಷಯವನ್ನೂ ಫೋನೇ ಹೇಳಿಬಿಡುತ್ತದೆ. ಯೂಕ್‌ಲಾನ್ ಹೋಟೆಲುಗಳ ಟವೆಲು ಮಡಿಸುತ್ತಾ ಉಳಿದಳು.

ಊರಿನ ಪೋಲೀಸ್ ಠಾಣೆಗಳಲ್ಲಿ ಮಕ್ಕಳನ್ನು ಕಳೆದುಕೊಂಡವರ ರಕ್ತವನ್ನು ಮಕ್ಕಳದರೊಡನೆ ಹೋಲಿಸಲು ತೆಗೆದುಕೊಳ್ಳುತ್ತಾರೆಂದು ಅವಳು ಟೀವಿಯಲ್ಲಿ ನೋಡಿದ್ದಳು. ಆದರೆ ಅದು ಕದ್ದೊಯ್ದ ಮಕ್ಕಳ ತಾಯಂದಿರಿಗೆ. ಮೇಜಿನಾಚೆ ಕೂತ ಹುಡುಗ ಪೋಲೀಸನು ಯಾರು ಕದ್ದದ್ದು ಎಂದು ಕೇಳಿದರೆ ಏನು ಹೇಳುವುದು? ಅಲ್ಲದೆ ಕಡಲಾಚೆ ಬೆಳೆದವಳ ರಕ್ತ ಆ ಠಾಣೆಗೆ ಎಲ್ಲಿಂದ ಬರಬೇಕು? ಮಗಳು ಬದುಕಿದ್ದಾಳೆಯೇ, ಅಷ್ಟು ತಿಳಿದರೆ ಸಾಕು ಎಂದು ಅವಳು ಸೇತೋ ಅಕ್ಕನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ಅಪ್ಪಿಕೊಂಡು ಅಳುವ ಆಸೆಯನ್ನೆಲ್ಲ ಅವಳು ಎಂದೋ ಕೈಬಿಟ್ಟಿದ್ದಳು.

ಹೋದ ಚಳಿಗಾಲದ ಮೊದಲಲ್ಲಿ ಬ್ರಿಜೆಟ್ ಎಂಬ ಹುಡುಗಿ ಬಟ್ಟೆಯ ಗಂಟು ಹೊತ್ತು ಅಂಗಡಿಗೆ ಬಂದಳು. ಮುಖ ನೋಡಿ ಸೇತೋ ಅಕ್ಕ ಇಲ್ಲಿನ ಆಡುಮಾತಾದ ಕ್ಯಾಂಟನೀಸಿನಲ್ಲೇ ಮಾತಾಡಿಸಿದರೆ ಅವಳು ಕಣ್ಣು ಕಣ್ಣು ಬಿಟ್ಟಳು. ಅಮೆರಿಕದಲ್ಲಿ ಬೆಳೆದು, ಕಾಲೇಜಿನಲ್ಲಿ ಮ್ಯಾಂಡರಿನ್ ಚೀನೀ ಭಾಷೆ ಕಲಿತವಳು. ಆಡಿದರೆ ಪಾಠದ ಪುಸ್ತಕ ಗಟ್ಟಿಯಾಗಿ ಓದಿದಂತಿರುತ್ತಿತ್ತು. ಜಿಯಾಂಗ್‌ಶಿ ಪ್ರಾಂತದ ಯಾವುದೋ ಊರಿನ ಅನಾಥಾಲಯದಿಂದ ಒಯ್ದ ಕೂಸು, ಅವಳ ಸಾಕು ತಂದೆತಾಯಿ ಆಗ ಇದೇ ದ್ವೀಪದಲ್ಲಿ ತಂಗಿದ್ದರಂತೆ. ಹೆತ್ತವಳನ್ನು ಹುಡುಕಿ ಸೋತಿದ್ದಳು. ಈಗ ಬೇರೆಯವರ ತಾಯಂದಿರನ್ನಾದರೂ ಹುಡುಕೋಣವೆಂದು ಡಿಎನ್‌ಎ ಪರೀಕ್ಷೆಗೆ ಎಂಜಲು ತುಂಬುವ ಸಣ್ಣ ಕೊಳವೆಗಳ ಚೀಲ ಹೊತ್ತು ತಿರುಗುತ್ತಿದ್ದಳು. ಅಮೆರಿಕದಲ್ಲಿ ಸಾವಿರಾರು ಹುಡುಗಿಯರು ತಮ್ಮ ತಮ್ಮ ಎಂಜಲು ಕೊಟ್ಟು ಕಾಯುತ್ತಿದ್ದಾರೆ, ಇಲ್ಲಿಂದ ತಾಯಿಯದು ಒಂದು ಹನಿ ಬಂದರೆ ಸಾಕು, ಯಂತ್ರವೇ ಇವಳ ಮಗಳು ಇಂಥವಳು ಎಂದು ಹೇಳಿಬಿಡುತ್ತದೆ ಎಂದಳು. ಯೂಕ್‌ಲಾನ್‌ಳ ಕೈಯಲ್ಲಿದ್ದ ಟವೆಲು ಮಡಿಕೆ ತಪ್ಪಿತು. ಬಿಚ್ಚಿ ಮತ್ತೆ ಮಡಿಸಿದಳು.

ಹುಡುಗಿ ಬಹಳ ಕಷ್ಟದಲ್ಲಿದ್ದಳು. ಇಲ್ಲಿನವರು ಮಾತುಕತೆಗೆ ಬಳಸುವ ಆ್ಯಪ್‌ನಲ್ಲಿ ಖಾತೆ ತೆರೆದ ದಿನವೇ ಅದು ಮುಚ್ಚಿಹೋಗಿತ್ತು. ಹಳ್ಳಿಗಳಲ್ಲಿ ಹೆಂಗಸರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೇಗೆ ಕೇಳಬೇಕು ಹೇಳಿಕೊಡಿ ಎಂದು ಅಂಗಲಾಚಿದಳು. ಎಷ್ಟೋ ವರ್ಷಗಳ ಮೇಲೆ ಪರದೇಶದಿಂದ ಬಂದವರೊಬ್ಬರು ಯೂಕ್‌ಲಾನ್‌ಳ ಹತ್ತಿರ ಬುದ್ಧಿ ಕೇಳಿದ್ದರು. ಅವಳು ಸ್ಟೂಲು ಎಳೆದು ಕೂರಿಸಿ, ಬಿಸಿನೀರು ಕೊಟ್ಟು ಹೇಳತೊಡಗಿದಳು. ಬರಿಗೈಯಲ್ಲಿ ಹೋಗಬೇಡ, ಹಣ್ಣು ಒಯ್ಯಿ. ಹೋದ ತಕ್ಷಣ ಕೊಳವೆ ತೆಗೆಯಬೇಡ. ಮನೆಯ ಗಂಡಸಿದ್ದರೆ ಆ ವಿಷಯವನ್ನೇ ಎತ್ತಬೇಡ, ಮಳೆ ಬೆಳೆ ಮಾತಾಡಿ ಎದ್ದು ಬಾ. ಬಿಟ್ಟ ಕೂಸು ಎನ್ನಬೇಡ, ಕಳೆದುಹೋದ ಕೂಸು ಅನ್ನು.

"ಇನ್ನೊಂದು ವಿಷ್ಯ. ಬೇಡ ಅಂದ್ಲಾ, ಮತ್ತೆ ಕೇಳೋಕೆ ಹೋಗ್ಬೇಡ. ನಮ್ಮೂರ ಹತ್ರ ಯಾವಳೋ ಒಬ್ಳು ಹಿಂಗೇ ಬಂದು, ಕೊಡಿ ಕೊಡಿ ಅಂತ ಗಂಟುಬಿದ್ಲು. ಗಂಡನ ಮನೆಯೋರಿಗೆ ಗೊತ್ತಾಗಿ ಆ ಹೆಂಗಸಿನ ಸಂಸಾರಾನೇ ಹಾಳಾಯ್ತು. ನೀನು ವಿಮಾನ ಹತ್ತಿ ಹೋಗ್ತೀಯಮ್ಮ, ಅವಳು ಅಲ್ಲೇ ಬದುಕ್ಬೇಕಲ್ಲ?"

ಹುಡುಗಿ ಒಪ್ಪಿದಳು. ಒಬ್ಬರ ಬೇಡಕ್ಕೆ ಬೆಲೆ ಕೊಡಬೇಕೆಂದು ತನ್ನ ಅಮ್ಮನೂ ಕಲಿಸಿದ್ದಾರೆ ಎಂದಳು. ಅಕ್ಕಪಕ್ಕದ ಜಿಲ್ಲೆಗಳ ಹಳ್ಳಿ ಸುತ್ತಿ, ಆ ವಾರದ ಕೊನೆಗೆ ಕೆಸರು ಮೆತ್ತಿದ ಬಟ್ಟೆಗಳೊಡನೆ ತಿರುಗಿ ಬಂದಳು. ಹೇಳಿಕೊಟ್ಟದ್ದು ಫಲಿಸಿತ್ತು, ಚೀಲದಲ್ಲಿದ್ದ ಕೊಳವೆಗಳು ಒಂದು ಬಿಟ್ಟು ಎಲ್ಲ ತುಂಬಿದ್ದವು. ಮಧ್ಯಾಹ್ನದ ಹೊತ್ತು, ಸೇತೋ ಅಕ್ಕ ಊಟಕ್ಕೆ ಹೋಗಿದ್ದಳು. ಹುಡುಗಿ ಖುಷಿಯಿಂದ ಒಂದೊಂದೇ ಊರಿನ ಕತೆ ಹೇಳುತ್ತಾ, ಒಬ್ಬಾಕೆ ಮಾತ್ರ ಬೇಡವೆಂದಳು, ನಾನು ತಲೆಬಾಗಿ ಕೂಡಲೇ ಹೊರಟುಬಂದೆ, ಆಕೆ ಯಾಕೋ ರಸ್ತೆಯವರೆಗೂ ಹಿಂದೆ ಬಂದು ನಿಂತಿದ್ದಳು ಎಂದಳು.

ಯೂಕ್‌ಲಾನ್ ಟವೆಲು ಕೆಳಗಿಟ್ಟಳು. ಅಯ್ಯೋ, ಆಕೆ ಒಂದು ಸಲ ಬೇಡ ಎಂದಿದ್ದಳೋ ಎರಡು ಸಲವೋ ಎಂದು ಕೇಳಬೇಕೆಂದುಕೊಂಡಳು. ಒಂದು ಸಲದ ಬೇಡಕ್ಕೆ ಇಲ್ಲಿ ಅರ್ಥವಿಲ್ಲ ಎಂದು ಹೇಳಬೇಕೆಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಆ ಕೊನೆಯ ಕೊಳವೆಯನ್ನು ಟವೆಲುಗಳ ಪಕ್ಕದಲ್ಲಿ ಇಟ್ಟಳು.

"ಚಿಕ್ಕಮ್ಮನವರೇ, ತಪ್ಪು ತಿಳಿಯಬಾರದು. ತಾವೂ ಯಾರನ್ನಾದರೂ ಕಳೆದುಕೊಂಡಿರುವಿರಾ? ಇದೊಂದು ನನ್ನ ಬಳಿ ಉಳಿದಿದೆ."

ಯೂಕ್‌ಲಾನ್‌ಳ ಕೈ ಒದ್ದೆಯಾಗಿತ್ತು. ಅದನ್ನು ಏಪ್ರನ್ನಿಗೆ ಒರೆಸಿಕೊಂಡಳು, ಅಂಗೈಯನ್ನೂ ಒರೆಸಿಕೊಂಡಳು, ಬೆರಳ ಸಂದುಗಳನ್ನೂ ಒರೆಸಿಕೊಂಡಳು.

"ಅಯ್ಯೋ, ನಂಗೆಲ್ಲ ಯಾಕಮ್ಮ ಅದು? ಬೇಡ ಬೇಡ. ಸುಮ್ನೆ ನಿಂಗೆ ತೊಂದ್ರೆ."

ಊಟಕ್ಕೆ ಹೋದ ಮನೆಯಲ್ಲಿ ಇನ್ನೊಂದು ತುಂಡು ಮೀನು ಹಾಕಲು ಬಂದವರಿಗೆ ಹೇಳುವ ದನಿ ಅದು. ನಮ್ಮಲ್ಲಿ ಮೊದಲನೇ ಬೇಡ ದಾಕ್ಷಿಣ್ಯದ್ದು. ಎರಡನೆಯದು ಮರ್ಯಾದೆಯದು. ಮೂರನೇ ಸಲ ಕೇಳಿದಾಗ ಬಾಯಲ್ಲಿ ಏನೇ ಅಂದರೂ ತಟ್ಟೆ ಮುಂದಕ್ಕೆ ಬಂದಿರುತ್ತದೆ. ಹುಟ್ಟಿದಾರಭ್ಯ ಅವಳು ಯಾವುದನ್ನೂ ಮೊದಲನೇ ಸಲಕ್ಕೆ ತೆಗೆದುಕೊಂಡವಳಲ್ಲ, ಮದುವೆಯ ದಿನ ಕೊಟ್ಟ ಚಹಾ ಕೂಡ. ಕೂಸನ್ನು ಕಳೆದುಕೊಂಡೆ ಎಂಬ ಮಾತನ್ನಂತೂ ಮೊದಲನೇ ಸಲಕ್ಕೆ ಯಾವ ಹೆಂಗಸು ಒಪ್ಪಿಕೊಂಡಾಳು? ಅವಳು ಕಾದಳು. ಹುಡುಗಿಯ ಮುಖ ಕೆಂಪೇರಿತು. ಎದ್ದು ನಿಂತು, ತಲೆಬಾಗಿ, ಕ್ಷಮಿಸಬೇಕು, ಇನ್ನು ಕೇಳುವುದಿಲ್ಲ ಎಂದಳು. ಕೊಳವೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಒಗೆದ ಬಟ್ಟೆಯನ್ನು ಸಂಜೆ ಹೋಟೆಲಿಗೇ ಕಳಿಸಿಬಿಡಿ, ನಾಳೆ ಬೆಳಿಗ್ಗೆ ರೈಲಿಗೆ ಹೊರಡುತ್ತೇನೆ ಎಂದು ಹೇಳಿ ಆಲದ ಮರಗಳ ಕೆಳಗೆ ನಡೆದು ಹೋದಳು.

ಊಟ ಮುಗಿಸಿ ಬಂದ ಸೇತೋ ಅಕ್ಕ ಕತೆ ಕೇಳಿ ಹಣೆ ಹಣೆ ಚಚ್ಚಿಕೊಂಡಳು.

"ಥೂ ನಿನ್ನ. ಆ ಕಡೆಯೋರು ಒಂದ್ಸಲ ಬೇಡ ಅಂದ್ರೆ ತಟ್ಟೆನೇ ಎತ್ಕೊಂಡು ಹೋಗ್ತಾರೆ ಅಂತ ನಂಗೆ ಹೇಳ್ಕೊಟ್ಟೋಳೇ ನೀನು. ಉಗುಳೋಕೆ ಏನಾಗಿತ್ತು ನಿಂಗೆ? ದಿನಾ ರೋಡಲ್ಲಿ ಉಗುಳಲ್ವಾ?"

"ಬಾಯಿಗೆ ಬಂದ್ಬಿಡ್ತಕ್ಕ."

"ಬಾಯಿಗೆ ಬಂದದ್ದು ಬೇಡ. ಬೆಳಿಗ್ಗೆ ಹೋಗಿ ನೀನೇ ಕೇಳು. ನಂಗೂ ಒಬ್ಳಿದ್ಲು, ಆ ಕೊಳವೆ ಕೊಡು. ಅಷ್ಟೇ. ಎಲ್ಲಿ, ಹೇಳು ನೋಡೋಣ."

ಯೂಕ್‌ಲಾನ್ ಹೇಳಿದಳು. ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತು ಸಂಜೆಯವರೆಗೂ ಅದನ್ನೇ ಹೇಳಿಕೊಂಡಳು. ಮನೆಗೆ ಹೋಗುವಾಗ ಹಣ್ಣಿನವನ ಹತ್ತಿರ ಚಕ್ಕೋತಗಳನ್ನು ಒಂದೊಂದೇ ಎತ್ತಿ ತೂಗಿ, ಇದ್ದುದರಲ್ಲಿ ಭಾರದ್ದನ್ನು ಆರಿಸಿದಳು. ಚಕ್ಕೋತ ಯಾರಿಗೆ ಎಂದು ವಿಂಗ್‌ಫಾಯ್ ಕೇಳಿದ. ಗಿರಾಕಿಗೆ ಎಂದಳು. ಅವನು ಟೀವಿಯ ಕಡೆ ತಿರುಗಿಕೊಂಡ. ಹೇಳಿದ್ದರೆ ಅವನೇನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆದರೂ ಆ ಮನೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ.

ಬೆಳಿಗ್ಗೆ ಅವಳು ಒಳ್ಳೆಯ ಕೋಟು ಹಾಕಿಕೊಂಡು, ಬಾಯಿ ಎರಡು ಸಲ ಮುಕ್ಕಳಿಸಿ, ನದಿಯಂಚಿನ ದೊಡ್ಡ ಹೋಟೆಲಿಗೆ ಹೋದಳು. ಬ್ರಿಜೆಟ್ ಹಜಾರದಲ್ಲೇ ಕಾರಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಟ್ರಾವೆಲ್ಸ್ ಕಡೆಯ ಗೈಡ್ ಒಬ್ಬ, ಮೂವತ್ತರ ಒಳಗಿನ ಗಂಡಸು, ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದ. ಅವನನ್ನು ಕಂಡೇ ಯೂಕ್‌ಲಾನ್‌ಳ ಅರ್ಧ ಜೀವ ಹೋಯಿತು. ಗಂಡಸಿನ ಮುಂದೆ, ಅದೂ ಈ ಊರಿನವನ ಮುಂದೆ, ನಂಗೂ ಒಬ್ಬಳಿದ್ದಳು ಎನ್ನುವುದು ಹೇಗೆ? ಅವನು ಆಚೆ ಹೋಗುವವರೆಗೆ ಹೊತ್ತು ಕಳೆಯಲೆಂದು ಚಕ್ಕೋತವನ್ನು ಮುಂದೆ ಹಿಡಿದಳು.

ಹುಡುಗಿ ಕಣ್ಣರಳಿಸಿ ನಕ್ಕು, ತಮ್ಮ ಪ್ರೀತಿ ದೊಡ್ಡದು, ಆದರೆ ಹಣ್ಣು ಬೇಡ, ಚೀಲ ಭಾರವಾಗಿದೆ ಎಂದಳು. ಯೂಕ್‌ಲಾನ್ ಬಿಡಲಿಲ್ಲ. ಇರಲಿ ತಗೊ, ರೈಲಿನಲ್ಲಿ ತಿನ್ನು ಎಂದಳು. ಹುಡುಗಿ ಮತ್ತೆ ಬೇಡವೆಂದಳು. ಮೂರನೇ ಸಲಕ್ಕೆ ಯೂಕ್‌ಲಾನ್ ಅವಳ ಕೈಚೀಲದ ಬಾಯಿ ತಾನೇ ಅಗಲಿಸಿ ಹಣ್ಣನ್ನು ಒಳಗೆ ತುರುಕಿದಳು. ಒಳಗೆ ಆ ಕೊಳವೆಗಳ ಡಬ್ಬಿ ಕಾಣಿಸಿತು. ಹಣ್ಣು ಅದರ ಮೇಲೆಯೇ ಕೂತಿತು.

"ನಿನ್ನೆ ನೀನು..." ಎಂದಳು ಯೂಕ್‌ಲಾನ್.

"ಚಿಕ್ಕಮ್ಮನವರೇ, ನಿನ್ನೆಯ ವಿಷಯಕ್ಕಾಗಿ ನಾನು ರಾತ್ರಿಯೆಲ್ಲ ನೊಂದುಕೊಂಡೆನು" ಎಂದಳು ಹುಡುಗಿ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ತಾವು ಅಷ್ಟೊಂದು ಸಹಾಯ ಮಾಡಿದಿರಿ. ತಮ್ಮನ್ನೇ ಹಾಗೆ ಕೇಳಿದ್ದು ನನ್ನ ದೊಡ್ಡ ತಪ್ಪು. ಅದನ್ನು ಮರೆತುಬಿಡಿ."

ಇಂಥ ಮಾತಿಗೆ ಇಲ್ಲಿ ಹೇಳುವುದು ಒಂದೇ. ಯೂಕ್‌ಲಾನ್ ಅದನ್ನೇ ಹೇಳಿದಳು. ಏನಿಲ್ಲ ಬಿಡಮ್ಮ, ಅದಕ್ಕೇನಂತೆ, ನಾನಾಗಲೇ ಮರೆತೆ ಎಂದಳು. ಹೇಳಿದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು. ಕಾರು ಬಂತು ಎಂದು ಗೈಡ್ ಪೆಟ್ಟಿಗೆ ಎತ್ತಿಕೊಂಡ. ಸ್ಟೇಷನ್ನಿನವರೆಗೆ ತಾನು ಬರುವುದಿಲ್ಲ, ಇಲ್ಲೇ ಇನ್ನೊಂದು ಗುಂಪು ಕಾಯುತ್ತಿದೆ ಎಂದ. ಹುಡುಗಿಗೆ ಗಾಬರಿಯಾಯಿತು. ಆ ದಕ್ಷಿಣದ ಸ್ಟೇಷನ್ ಊರಿನಷ್ಟು ದೊಡ್ಡದಂತೆ, ಒಬ್ಬಳೇ ಹೇಗೆ ಹೋಗುವುದು ಎಂದು ಯೂಕ್‌ಲಾನ್‌ಳನ್ನೇ ಕೇಳಿದಳು.

ಯೂಕ್‌ಲಾನ್ ಹೇಳಿದಳು. ಪಾಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಇಡಬೇಡ, ಕೈಯಲ್ಲೇ ಇರಲಿ. ಎಲ್ಲರೂ ಹೋಗುವ ಯಂತ್ರದ ಗೇಟಿಗೆ ಹೋಗಬೇಡ, ಅದು ನಿನ್ನ ಪಾಸ್‌ಪೋರ್ಟ್ ಒಪ್ಪದಿದ್ದೀತು, ಪಕ್ಕದಲ್ಲಿ ಮನುಷ್ಯ ಕೂತಿರುವ ದಾರಿ ಇರುತ್ತದೆ, ಅಲ್ಲಿ ನಿಲ್ಲು. ಹಣ್ಣು ಕೊಯ್ಯುವ ಚಾಕು ಇದ್ದರೆ ಇಲ್ಲೇ ಬಿಟ್ಟುಹೋಗು, ಕಿತ್ತುಕೊಳ್ಳುತ್ತಾರೆ. ಚಕ್ಕೋತವನ್ನು ಉಗುರಿನಿಂದಲೇ ಸುಲಿ. ರೈಲು ಹೊರಡುವುದಕ್ಕೆ ಮೊದಲೇ ಗೇಟು ಮುಚ್ಚುತ್ತಾರೆ, ಕಾಫಿ ಕುಡಿಯುತ್ತಾ ಕೂರಬೇಡ. ರೈಲಿನಲ್ಲಿ ಬಿಸಿನೀರಿನ ನಲ್ಲಿ ಇರುತ್ತದೆ, ಲೋಟ ತೆಗೆದುಕೊಂಡು ಹೋಗು. ಹುಡುಗಿ ಒಂದೊಂದಕ್ಕೂ ತಲೆಯಾಡಿಸಿ, ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿಲ್ಲ ಎಂದು ಅವಳನ್ನು ಅಪ್ಪಿಕೊಂಡಳು. ಕೈಚೀಲ ಇಬ್ಬರ ನಡುವೆ ಸಿಕ್ಕಿ ಯೂಕ್‌ಲಾನ್‌ಳ ಹೊಟ್ಟೆಗೆ ಒತ್ತಿತು. ಈಗ ಹೇಳು, ಈಗ ಹೇಳು ಎಂದು ತನಗೆ ತಾನೇ ಅಂದುಕೊಂಡಳು. ಗೈಡ್ ಕಾರಿನ ಬಾಗಿಲು ಹಿಡಿದು ನಿಂತಿದ್ದ.

ಕಾರು ಸೇತುವೆ ದಾಟಿ ಕಾಣದಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ನಡೆದುಕೊಂಡು ಅಂಗಡಿಗೆ ಬಂದು, ಕೋಟು ಕಳಚಿ ಮೊಳೆಗೆ ಹಾಕಿ, ಏಪ್ರನ್ ಕಟ್ಟಿಕೊಂಡಳು. ಸೇತೋ ಅಕ್ಕ ಬಾಗಿಲಲ್ಲೇ ಕಾದಿದ್ದವಳು ಹಿಂದೆಯೇ ಒಳಗೆ ಬಂದಳು.

"ಏನಾಯ್ತೇ? ಕೇಳಿದ್ಯಾ?"

"ಅವಳೇ ಕೇಳಿದ್ಲು ಅಕ್ಕ. ಸ್ಟೇಷನ್ನಿಗೆ ಹೆಂಗೆ ಹೋಗೋದು ಅಂತ. ಹೇಳಿ ಕಳಿಸ್ದೆ."